ಗೋಡೆಯ ಮೇಲಿನ ಅಡುಗೆಮನೆ

ಶಹಾಪುರದಲ್ಲಿ ನಾನು ಬಾಡಿಗೆಗೆ ಹಿಡಿದ ಕೋಣೆಗೆ ಬೇರೆ ಅಡುಗೆಮನೆ ಇರಲಿಲ್ಲ. ಕಿಟಕಿಯ ಕೆಳಗೆ ಪರಸಿ ಕಲ್ಲಿನ ಒಂದು ಕಟ್ಟೆ, ಅದರ ಮೇಲೆ ಗ್ಯಾಸಿನ ಒಲೆ, ಪಕ್ಕದಲ್ಲಿ ನೀರಿನ ಕೊಡ. ನೆಲದ ಮೇಲೆ ಕೂತು ಅಡುಗೆ ಮಾಡಿ ರೂಢಿಯಾದವಳು ನಾನು, ಇಲ್ಲಿ ನಿಂತು ಮಾಡಬೇಕಿತ್ತು. ಮೊದಲ ಕೆಲವು ತಿಂಗಳು ಉಪ್ಪಿಗೆಂದು ಕೈ ಚಾಚಿದರೆ ಕೈ ಹೋಗಿ ಬರಿ ಗೋಡೆಗೆ ತಾಗುತ್ತಿತ್ತು. ರಂಗಂಪೇಟೆಯ ಮನೆಯಲ್ಲಿ ಉಪ್ಪಿನ ಗಡಿಗೆ ಬಲಗಡೆಯ ಗೂಡಿನಲ್ಲಿ ಇರುತ್ತಿತ್ತು. ನಾನು ಆ ಮನೆ ಬಿಟ್ಟು ಬಂದದ್ದು ನನ್ನ ಕೈಗೆ ಇನ್ನೂ ಗೊತ್ತಾಗಿರಲಿಲ್ಲ.

ಹತ್ತು ವರ್ಷಕ್ಕೂ ಮೇಲೆ ಆ ಮನೆಯಲ್ಲಿದ್ದೆ. ಗಂಡ ಹೊಡೆಯುತ್ತಿದ್ದ. ಮಕ್ಕಳಾಗಲಿಲ್ಲವೆಂದು ಹೊಡೆದ ಎಂದು ಜನ ತಾವೇ ಕಾರಣ ಹುಡುಕಿಕೊಂಡರು. ಅದಲ್ಲ. ಅವನಿಗೆ ಕಾರಣ ಬೇಕಿರಲಿಲ್ಲ. ಸುರಪುರದ ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ, ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಇಟ್ಟುಕೊಂಡು ಹೊರಗೆ ಬಿದ್ದರೆ ಅವನಷ್ಟು ಮೆತ್ತಗೆ ಮಾತಾಡುವವರು ಆ ಓಣಿಯಲ್ಲಿ ಇರಲಿಲ್ಲ. ನಾನು ಹೇಳಿದರೆ ಯಾರೂ ನಂಬುವಂತಿರಲಿಲ್ಲ, ಹಾಗಾಗಿ ಹೇಳುವುದನ್ನೇ ಬಿಟ್ಟಿದ್ದೆ.

ಎಡಗೈ ಮುರಿದ ದಿನ ದವಾಖಾನೆಗೆ ನಾನೇ ನಡೆದುಕೊಂಡು ಹೋದೆ. ಪ್ಲಾಸ್ಟರ್ ಹಾಕಿಸಿಕೊಂಡು ಹೊರಗೆ ಬಂದವಳು ಮನೆಯ ಕಡೆಗೆ ತಿರುಗಬೇಕಿತ್ತು, ಬಸ್ ನಿಲ್ದಾಣದ ಕಡೆಗೆ ತಿರುಗಿದೆ. ಮೊದಲೇ ಯೋಚನೆ ಮಾಡಿ ಇಟ್ಟುಕೊಂಡದ್ದಲ್ಲ. ಕಾಲು ಆ ಕಡೆ ಹೋದವು, ನಾನು ಅವುಗಳ ಹಿಂದೆ ಹೋದೆ.

ತವರು ವನದುರ್ಗದ ಹತ್ತಿರದ ಹಳ್ಳಿ. ಅಪ್ಪ ಅವ್ವ ಇಬ್ಬರೂ ಹೋಗಿದ್ದಾರೆ, ಅಣ್ಣ ಇದ್ದಾನೆ. "ಇರವ್ವಾ, ಯಾರು ಬ್ಯಾಡ ಅಂದಾರ," ಅಂದ ಅಣ್ಣ. ಬೇಡ ಎಂದು ಯಾರೂ ಅನ್ನಲಿಲ್ಲ. ಆದರೆ ಕೈಯ ಪ್ಲಾಸ್ಟರ್ ತೆಗೆದ ಮೇಲೆ, ಈಗ ಆರಾಮಾಯಿತಲ್ಲ, ಇನ್ನು ಯಾವಾಗ ಹೋಗುತ್ತಾಳೆ ಎನ್ನುವ ಪ್ರಶ್ನೆ ನೆರೆಹೊರೆಯವರ ಬಾಯಿಂದ ಅತ್ತಿಗೆಯ ಕಿವಿಗೆ, ಅಲ್ಲಿಂದ ಅಣ್ಣನ ಮುಖಕ್ಕೆ ಬಂತು. ಮದುವೆಗೆ ಮೊದಲು ನಾನು ಕನ್ನಡ ಟೈಪಿಂಗ್ ಕಲಿತಿದ್ದೆ. ಶಹಾಪುರದ ತಾಲ್ಲೂಕು ಕಚೇರಿಯ ಎದುರಿನ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅರ್ಜಿ, ಅಫಿಡವಿಟ್ಟು, ಲಗ್ನಪತ್ರಿಕೆ, ತಿಥಿ ಕಾರ್ಡು. ದಿನವಿಡೀ ಬೇರೆಯವರ ಮಾತನ್ನು ಬೆರಳಲ್ಲಿ ಆಡುವುದು.

ವಾರದ ದಿನಗಳು ಹೇಗೋ ಹೋಗುತ್ತಿದ್ದವು. ಭಾನುವಾರ ಹೋಗುತ್ತಿರಲಿಲ್ಲ. ಬಟ್ಟೆ ಒಗೆದು, ಒಂದು ಮುಷ್ಟಿ ಅನ್ನ ಮಾಡಿ ಉಂಡು, ನೆಲ ಒರೆಸಿದರೂ ಹೊತ್ತು ಮಧ್ಯಾಹ್ನಕ್ಕೆ ಬಂದಿರುತ್ತಿರಲಿಲ್ಲ. ಸಂಜೆ ಹಾಲು ತರಲು ಹೋಗಿ ಬಾಯಿ ತೆರೆದರೆ ದನಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಬೆಳಗಿನಿಂದ ಒಂದು ಮಾತೂ ಆಡಿಲ್ಲವೆಂದು ಆಗ ಗೊತ್ತಾಗುತ್ತಿತ್ತು. ಕೆಲವು ಸಲ ಸುಮ್ಮನೆ ಬಸ್ ನಿಲ್ದಾಣಕ್ಕೆ ಹೋಗಿ ಕೂರುತ್ತಿದ್ದೆ. ಅಲ್ಲಿ ಒಂಟಿಯಾಗಿ ಕೂತ ಹೆಂಗಸನ್ನು ಯಾಕೆ ಕೂತಿದ್ದೀ ಎಂದು ಯಾರೂ ಕೇಳುವುದಿಲ್ಲ. ಬಸ್ಸಿಗೆ ಕಾಯುತ್ತಿದ್ದಾಳೆ ಅಂದುಕೊಳ್ಳುತ್ತಾರೆ.

ವಿಚ್ಛೇದನದ ಕೇಸಿಗಾಗಿ ಯಾದಗಿರಿಗೆ ಹೋಗಿಬಂದು ಮಾಡುತ್ತಿದ್ದೆ. ಅಲ್ಲಿ ನನ್ನಂಥವರ ಜೊತೆ ಮಾತಾಡುವುದಕ್ಕೆಂದೇ ಒಬ್ಬ ಆಪ್ತಸಮಾಲೋಚಕಿ ಇದ್ದರು. ಅವರ ಮುಂದೆ ಕೂತರೂ ನನಗೆ ಮಾತು ಬರುತ್ತಿರಲಿಲ್ಲ. ಒಂದು ದಿನ ಅವರು, "ಮಾತು ಬ್ಯಾಡ ಬಿಡ್ರಿ. ಭಾನುವಾರ ನಿಮ್ಮ ಶಹಾಪುರದಾಗೇ ಒಂದಿಷ್ಟು ಹೆಣ್ಣುಮಕ್ಕಳು ಕೂಡ್ತಾರ. ಚಿತ್ರ ತಗೀತಾರ, ಬಣ್ಣ ಹಚ್ತಾರ. ಹೋಗಿ ಸುಮ್ಮ ಕೂತು ಬರ್ರಿ," ಅಂದರು.

"ನನಗ ಚಿತ್ರ ತಗೀಲಿಕ್ಕೆ ಬರಂಗಿಲ್ರಿ."

"ಅಲ್ಲಿ ಯಾರಿಗೂ ಬರಂಗಿಲ್ಲ."

ಆ ಭಾನುವಾರ ಹೋದೆ. ಬಸ್ ನಿಲ್ದಾಣದಲ್ಲಿ ಕೂರುವ ಬದಲು ಇಲ್ಲಿ ಕೂತರಾಯಿತು ಎಂಬುದಷ್ಟೇ ನನ್ನ ಲೆಕ್ಕ. ಒಂದು ಕಲ್ಯಾಣ ಮಂಟಪದ ಹಿಂದಿನ ಕೋಣೆ, ಮದುವೆ ಇಲ್ಲದ ದಿನ ಅದನ್ನು ಬಿಟ್ಟುಕೊಡುತ್ತಿದ್ದರು. ಗೋಡೆಗೆ ಒರಗಿಸಿಟ್ಟ ದೊಡ್ಡ ದೊಡ್ಡ ಅಡುಗೆ ಡಬರಿಗಳ ನಡುವೆ ಜಮಖಾನೆ ಹಾಸಿಕೊಂಡು ಹತ್ತು ಹನ್ನೆರಡು ಮಂದಿ ಕೂತಿದ್ದರು. ಎಲ್ಲರಿಗೂ ಆದದ್ದು ಒಂದೇ, ಆದರೆ ಆ ಮಾತು ಯಾರೂ ಎತ್ತುತ್ತಿರಲಿಲ್ಲ. ಕಲಿಸುತ್ತಿದ್ದವರು ಯಾದಗಿರಿಯ ಒಬ್ಬ ನಿವೃತ್ತ ಚಿತ್ರಕಲಾ ಶಿಕ್ಷಕಿ. ನಾವೆಲ್ಲ ಅಕ್ಕೋರು ಅಂತಿದ್ದೆವು. ಮೆತ್ತಗಿನ ಹೆಂಗಸಲ್ಲ. ಬಣ್ಣ ಚೆಲ್ಲಿದರೆ ಬೈಯುತ್ತಿದ್ದರು, ಅತ್ತರೆ ಸಮಾಧಾನ ಮಾಡುತ್ತಿರಲಿಲ್ಲ, ನೀರಿನ ತಂಬಿಗೆ ಹತ್ತಿರಕ್ಕೆ ಸರಿಸಿ ಬೇರೆಯವರ ಕಡೆ ಹೋಗುತ್ತಿದ್ದರು. ಆಮೇಲೆ ನನಗೆ ಅದೇ ಒಳ್ಳೆಯದು ಅನಿಸಿತು.

ನನ್ನ ಪಕ್ಕಕ್ಕೆ ಕೂರುತ್ತಿದ್ದವಳು ಕಾಲುವೆ ಕಡೆಯ ಹಳ್ಳಿಯವಳು, ಭತ್ತದ ನಾಟಿ ಮಾಡುವವಳು, ನನಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವಳು. ಅವಳು ಪ್ರತಿ ವಾರ ಕೋಳಿ ಬರೆಯುತ್ತಿದ್ದಳು. ಕೆಂಪು ಕೋಳಿ, ಹಳದಿ ಕೋಳಿ, ಮರಿ ಕಟ್ಟಿಕೊಂಡ ಕೋಳಿ. ಅಕ್ಕೋರು ಒಮ್ಮೆ, "ಕೋಳಿ ಬಿಟ್ಟು ಬ್ಯಾರೆ ಏನೂ ಬರಂಗಿಲ್ಲೇನು ನಿನಗ?" ಅಂದರು. "ಬರ್ತಾವ್ರಿ. ಆದ್ರ ಮದ್ಲ ಇವು ಮುಗೀಲಿ," ಅಂದಳು ಅವಳು, ತಲೆ ಎತ್ತದೆ.

ನನ್ನ ಹಾಳೆ ಬಹಳ ವಾರ ಖಾಲಿಯಾಗೇ ಇತ್ತು. ಯಾರೂ ಒತ್ತಾಯ ಮಾಡಲಿಲ್ಲ. ಬೇರೆಯವರಿಗೆ ಬಣ್ಣ ಕಲಸಿಕೊಟ್ಟು, ಕುಂಚ ತೊಳೆದಿಟ್ಟು ಬರುತ್ತಿದ್ದೆ. ಒಂದು ವಾರ ಏನೂ ತೋಚದೆ ಸೀಸಕಡ್ಡಿಯಲ್ಲಿ ಒಂದು ಚೌಕ ಎಳೆದೆ. ಚೌಕದೊಳಗೆ ಒಂದು ಗಡಿಗೆ.

"ಏನಿದು?" ಅಂದರು ಅಕ್ಕೋರು.

"ಗೂಡ್ರಿ. ಉಪ್ಪಿನ ಗಡಿಗಿ ಇಡೋದು."

"ಯಾರ ಮನ್ಯಾಗ?"

"ಗಂಡನ ಮನ್ಯಾಗ."

ಅವರು ಮುಂದೆ ಏನಾದರೂ ಕೇಳಿದ್ದರೆ ನಾನು ಹಾಳೆ ಹರಿದು ಎದ್ದು ಹೋಗುತ್ತಿದ್ದೆ. ಅವರು ಕೇಳಿದ್ದು ಇಷ್ಟೇ: "ಅದರ ಬಾಜೂಕ ಏನಿತ್ತು?"

ಪಕ್ಕದಲ್ಲಿ ರೊಟ್ಟಿಯ ಬುಟ್ಟಿ ಇತ್ತು. ಅದರ ಕೆಳಗೆ ನೆಲದಲ್ಲಿ ಹೂತ ಒರಳು. ಆ ಕಡೆ ನೀರಿನ ಹಂಡೆ, ಮಾಳಿಗೆಯಲ್ಲಿ ಬೆಳಕಿಂಡಿ. ವಾರ ವಾರ ಒಂದೊಂದು ಸೇರುತ್ತ ಹೋಯಿತು. ಕೈಗೆ ಎಲ್ಲ ನೆನಪಿತ್ತು. ಬರೆಯುತ್ತ ಬರೆಯುತ್ತ ನನಗೆ ನಾಚಿಕೆಯಾಗತೊಡಗಿತು. ನಾನು ಏಟು ತಿಂದದ್ದು ಅದೇ ಅಡುಗೆಮನೆಯಲ್ಲಿ. ಅದನ್ನು ಬಿಟ್ಟು ಓಡಿ ಬಂದವಳು ಅದನ್ನೇ ನೆನೆಯುತ್ತ ಕೂತರೆ ಏನನ್ನಬೇಕು? ಇದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಕೋರ್ಟಿನಲ್ಲಿ ಹೇಳಿದರೆ ಅವನ ವಕೀಲ ಕೇಸೇ ಇಲ್ಲ ಅಂದಾನು.

ಕೋಳಿಯವಳಿಗೆ ಮಾತ್ರ ಒಮ್ಮೆ ಹೇಳಿದೆ. ಅವಳು ನಗಲಿಲ್ಲ.

"ಮನಿ ಏನ್ ಮಾಡೈತ್ರಿ ಪಾಪ. ಹೊಡದಂವ ಗಂಡ," ಅಂದಳು. ಕುಂಚ ನೀರಿಗೆ ಅದ್ದಿ, "ನನಗ ನನ್ನ ಕೋಳಿ ನೆನಪಾಗ್ತಾವ. ಅಂವನ ಕೂಡ ಅವನ್ನೂ ಬಿಟ್ಟ ಬಂದೀನಿ. ಸಂಜೀಕ ಯಾರು ಮುಚ್ತಾರೋ ಏನೋ," ಅಂದಳು.

ಸಂಕ್ರಾಂತಿ ಮುಗಿದ ಮೇಲೆ ಅಕ್ಕೋರು ಒಂದು ಸುದ್ದಿ ತಂದರು. ಸುರಪುರದಿಂದ ರಂಗಂಪೇಟೆಗೆ ಹೋಗುವ ದಾರಿಯಲ್ಲಿ ಮುಚ್ಚಿದ ಎಣ್ಣೆ ಮಿಲ್ಲು ಒಂದಿದೆ, ಅದರ ಉದ್ದನೆಯ ಗೋಡೆಯ ಮೇಲೆ ಬರೆಯಲು ಮಾಲೀಕ ಒಪ್ಪಿದ್ದಾನೆ. ಅರ್ಧಕ್ಕರ್ಧ ಮಂದಿ ಸುರಪುರದ ಕಡೆಯವರೇ ಆಗಿದ್ದರು, ಅವರಿಗೂ ಹತ್ತಿರವಾಗುತ್ತದೆ. ಕೋಣೆಯೊಳಗೆ ಬರೆದದ್ದು ಸಾಕು, ಇನ್ನು ಊರು ನೋಡಲಿ.

ಅದು ನನ್ನ ಗಂಡ ದಿನಾ ಅಂಗಡಿಗೆ ಹೋಗಿ ಬರುವ ದಾರಿ. ಬರುವುದಿಲ್ಲ ಎಂದು ಹೇಳಿದೆ. "ಬ್ಯಾಡ ಅನಸಿದ್ರ ಬ್ಯಾಡ," ಅಂದರು ಅಕ್ಕೋರು. ಮುಂದಿನ ಭಾನುವಾರ ನನ್ನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತೆ. ಬಟ್ಟೆ ಒಗೆದೆ, ನೆಲ ಒರೆಸಿದೆ. ಅದರ ಮುಂದಿನ ಭಾನುವಾರ ಸುರಪುರದ ಬಸ್ಸು ಹತ್ತಿದೆ. ಧೈರ್ಯ ಬಂದು ಹೋದದ್ದಲ್ಲ. ಆ ಕೋಣೆಯಲ್ಲಿ ಇನ್ನೊಂದು ಭಾನುವಾರ ನನ್ನಿಂದ ಆಗುತ್ತಿರಲಿಲ್ಲ.

ಗೋಡೆಗೆ ಮೊದಲು ಸುಣ್ಣ ಬಳಿದೆವು. ಆಮೇಲೆ ಒಬ್ಬೊಬ್ಬರಿಗೆ ಎರಡು ಮಾರಿನಷ್ಟು ಜಾಗ. ಅಂಗಡಿಯ ಬಣ್ಣ ಬೇಡವೆಂದು ಅಕ್ಕೋರು ಕೆಮ್ಮಣ್ಣು, ಇದ್ದಲಿ, ಬಟ್ಟೆಗೆ ಹಾಕುವ ನೀಲಿ, ಅರಿಸಿನ ಇಷ್ಟರಲ್ಲೇ ಮಾಡಿಸಿದರು. ನಾವೆಲ್ಲ ಗೋಡೆಗೆ ಮುಖ ಮಾಡಿ, ದಾರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದೆವು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಮಿಲ್ಲಿನವರು ಕೂಲಿಗೆ ಹಚ್ಚಿದ್ದಾರೆ ಅಂದುಕೊಂಡವರೇ ಹೆಚ್ಚು. "ಎಷ್ಟ ಕೊಡ್ತಾರವ್ವಾ ದಿನಕ್ಕ?" ಎಂದು ಕೇಳಿದ ಒಬ್ಬ ಮುದುಕನಿಗೆ ಕೋಳಿಯವಳು, "ಏನೂ ಕೊಡಂಗಿಲ್ರಿ. ನಾವ ಕೈಲೆ ರೊಕ್ಕ ಹಾಕಿ ಮಾಡಾಕತ್ತೀವಿ," ಅಂದಳು. ಅವನು ತಲೆ ಅಲ್ಲಾಡಿಸಿ ಹೋದ.

ಬೆನ್ನು ತಿರುಗಿಸಿ ನಿಲ್ಲುವುದು ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಹಿಂದೆ ಗಾಡಿಯ ಸಪ್ಪಳವಾದರೆ ಕುತ್ತಿಗೆ ಬಿಗಿಯುತ್ತಿತ್ತು. ಒಂದು ಭಾನುವಾರ ನನಗೆ ಗೊತ್ತಿದ್ದ ಮೋಟರ್ ಸೈಕಲ್ಲಿನ ಸಪ್ಪಳವೇ ಬಂತು. ಬಂದು ನಿಧಾನವಾಯಿತು. ನಾನು ತಿರುಗಲಿಲ್ಲ. ರೊಟ್ಟಿ ಬುಟ್ಟಿಯ ಹೆಣಿಗೆ ಬರೆಯುತ್ತಿದ್ದೆ, ಒಂದರ ಮೇಲೊಂದು ಗೆರೆ ಎಳೆಯುತ್ತಲೇ ಹೋದೆ. ಗಾಡಿ ಮುಂದೆ ಹೋಯಿತು. ನೋಡಿದರೆ ಬುಟ್ಟಿ ಪೂರಾ ಕಪ್ಪಾಗಿ ಕೂತಿತ್ತು. ಅಕ್ಕೋರು ಬಂದು ನೋಡಿ, "ಇರ್ಲಿ, ಹೊಗಿ ಹಿಡದ ಬುಟ್ಟಿ," ಅಂದು ಹೋದರು.

ಅದರ ಮುಂದಿನ ವಾರ ನನ್ನ ಅತ್ತೆ ಬಂದರು.

ದಾರಿಯ ಆ ಕಡೆ, ಬೇವಿನ ಮರದ ಕೆಳಗೆ ಮುಚ್ಚಿದ ಅಂಗಡಿಯೊಂದರ ಕಟ್ಟೆ. ಅದರ ಮೇಲೆ ತಲೆ ತುಂಬ ಸೆರಗು ಹೊದ್ದುಕೊಂಡು ಬಂದು ಕೂತರು. ಮಗ ಹೇಳಿದ್ದನೋ, ಊರವರು ಹೇಳಿದ್ದರೋ ಗೊತ್ತಿಲ್ಲ. ನನ್ನನ್ನು ಕರೆಯಲು ಬಂದಿರಬೇಕು, ಇಲ್ಲ ಮಗನಿಗೆ ವರದಿ ಒಯ್ಯಲು ಬಂದಿರಬೇಕು ಅಂದುಕೊಂಡೆ. ಆಕೆ ಕರೆಯಲಿಲ್ಲ, ನಾನು ಹೋಗಲಿಲ್ಲ. ಹೊತ್ತೇರುವವರೆಗೆ ಕೂತಿದ್ದು ಎದ್ದು ಹೋದರು. ಮುಂದಿನ ವಾರ ಮತ್ತೆ ಬಂದರು.

ಆ ಮನೆಯಲ್ಲೂ ಆಕೆ ಹೀಗೇ ಕೂರುತ್ತಿದ್ದರು. ಒಳಗೆ ನನಗೆ ಏಟು ಬೀಳುವಾಗ ಆಕೆ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಬೇಳೆ ಹಸನು ಮಾಡುತ್ತಿದ್ದರು. ನಿಲ್ಲಿಸು ಎಂದು ಮಗನಿಗೆ ಒಮ್ಮೆಯೂ ಅನ್ನಲಿಲ್ಲ. ಹಾಗೆಂದು ನನಗೆ ಕೆಟ್ಟ ಮಾತೂ ಆಡಿದವರಲ್ಲ. ಎಲ್ಲ ಮುಗಿದ ಮೇಲೆ ಬಂದು ಚೆಲ್ಲಿದ ಹಿಟ್ಟು ಬಳಿದು, ಉಳಿದ ರೊಟ್ಟಿ ತಾವೇ ಬಡಿಯುತ್ತಿದ್ದರು. ಗಂಡನ ಮೇಲೆ ನನಗಿದ್ದದ್ದು ಹೆದರಿಕೆ. ಸಿಟ್ಟು ಎಂಬುದು ಏನಾದರೂ ಇದ್ದರೆ ಅದೆಲ್ಲ ಈಕೆಯ ಮೇಲೆ ಇತ್ತು.

ಮೂರನೆಯ ಸಲ ಆಕೆ ಕಟ್ಟೆಯಿಂದ ಇಳಿದು ದಾರಿ ದಾಟಿ ಬಂದರು. ನಾನು ಒಲೆ ಬರೆಯುತ್ತಿದ್ದೆ. ನನ್ನ ಹಿಂದೆ ಬಂದು ನಿಂತದ್ದು ಗೊತ್ತಾಯಿತು.

"ಒಲಿ ಅಲ್ಲಿರಲಿಲ್ಲ," ಅಂದರು.

ಎಷ್ಟೋ ತಿಂಗಳ ಮೇಲೆ ಆಕೆಯಿಂದ ಕೇಳಿದ ಮೊದಲ ಮಾತು ಇದು. ನಾನು ತಿರುಗದೆ, "ಅಲ್ಲೇ ಇತ್ತಲ್ರಿ. ಅಷ್ಟು ವರ್ಷ ಅದರ ಮುಂದ ಕೂತು ಮಾಡೀನಿ," ಅಂದೆ.

"ನೀ ಬರೂಕಿಂತ ಮದ್ಲ. ಬೆಳಕಿಂಡಿ ತೆಳಗ ಇತ್ತು. ಹೊಗಿ ಸೀದಾ ಮ್ಯಾಲ ಹೋಗ್ತಿತ್ತು."

ಆ ಒಲೆಯ ಹೊಗೆಯಲ್ಲಿ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಬೆಳಕಿಂಡಿ ಒಂದು ಮೂಲೆಯಲ್ಲಿ, ಒಲೆ ಇನ್ನೊಂದು ಮೂಲೆಯಲ್ಲಿ. ಗ್ಯಾಸು ಮನೆಗೆ ಬಂದ ಮೇಲೂ ರೊಟ್ಟಿ ಕಟ್ಟಿಗೆ ಒಲೆಯ ಮೇಲೇ ಆಗಬೇಕಿತ್ತು. ಮದುವೆಯಾದ ಹೊಸತರಲ್ಲಿ ನಾನು ಒಮ್ಮೆ, ಒಲೆ ಆ ಕಡೆ ಹಾಕೋಣವೇ ಎಂದು ಕೇಳಿದ್ದಕ್ಕೆ ಆಕೆ, "ಮದ್ಲಿಂದ ಹಿಂಗ ಐತಿ, ಇರ್ಲಿ," ಅಂದಿದ್ದರು.

"ಮತ್ಯಾಕ ತಗದ್ರಿ ಅಲ್ಲಿಂದ?" ಅಂದೆ ಈಗ.

ಪಕ್ಕದಲ್ಲಿ ಕೋಳಿಯವಳು ಕುಂಚ ನಿಲ್ಲಿಸಿದ್ದಳು.

"ಅಲ್ಲಿ ಕೂತ್ರ ಬೆನ್ನು ಬಾಗಲಕ್ಕ ಬರ್ತಿತ್ತು. ನಿಮ್ಮ ಮಾವನವರು ಹಿಂದಿಂದ ಬರ್ತಿದ್ರು. ರೊಟ್ಟಿ ಬಡಿಯೂ ಸಪ್ಪಳದಾಗ ಹೆಜ್ಜಿ ಕೇಳ್ತಿರಲಿಲ್ಲ. ಒದ್ದ ಮ್ಯಾಲ ಗೊತ್ತಾಗೂದು, ಬಂದಾರಂತ. ಒಮ್ಮೆ ಮಾರಿ ಹೋಗಿ ಕಾದ ಹಂಚಿನ ಮ್ಯಾಲ ಬಿತ್ತು." ಆಕೆ ಸೆರಗು ಸರಿಸಿ ಕಿವಿಯ ಹತ್ತಿರ ಬೆರಳಿಟ್ಟರು. ಆ ಕಲೆ ನಾನು ಎಷ್ಟೋ ವರ್ಷ ನೋಡಿದ್ದೆ. ಸಣ್ಣವರಿದ್ದಾಗ ಸುಟ್ಟದ್ದು ಎಂದು ತಿಳಿದಿದ್ದೆ. "ಅವರು ಊರಾಗ ಇಲ್ಲದಾಗ ಒಲಿ ಕೆಡವಿ ಈ ಮೂಲಿಗಿ ಹಾಕ್ದೆ. ಇಲ್ಲಿ ಕೂತ್ರ ಬಾಗಲ ಕಾಣ್ತಿತ್ತು. ಹೊಗಿ ಆದ್ರ ಏನಾತು. ಕಣ್ಣು ಉರೀತಾವ, ಅಷ್ಟ."

ನನ್ನ ಮಾವ ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಪಡಸಾಲೆಯ ಗೋಡೆಯ ಫೋಟೋದಲ್ಲಿ ರುಮಾಲು ಸುತ್ತಿಕೊಂಡು ಕೂತಿದ್ದ ಅವರಿಗೆ ನಾನು ದಿನಾ ಹೂ ಏರಿಸುತ್ತಿದ್ದೆ.

ಗೋಡೆಯ ಮೇಲಿನ ನನ್ನ ಒಲೆಯನ್ನು ನೋಡಿದೆ. ಅದರ ಮುಂದೆ ಕೂತು ನಾನು ಬಾಗಿಲ ಕಡೆ ಎಷ್ಟು ಸಲ ಕಣ್ಣು ಎತ್ತಿರಬೇಕು. ಅವನು ಹೊಸ್ತಿಲಲ್ಲಿ ಕಾಣಿಸಿದ ಕೂಡಲೇ ಕುದಿಯುವ ಪಾತ್ರೆ ಆಚೆ ಸರಿಸುತ್ತಿದ್ದೆ, ಮುಂದಿದ್ದ ಈಳಿಗೆ ಮಣೆ ದೂರ ತಳ್ಳುತ್ತಿದ್ದೆ, ತಲೆಯ ಮೇಲೆ ಕೈ ತರುತ್ತಿದ್ದೆ. ಅದಕ್ಕೆಲ್ಲ ಒಂದು ಉಸಿರಿನಷ್ಟು ಹೊತ್ತು ನನಗೆ ಸಿಗುತ್ತಿತ್ತು. ಅದು ಎಲ್ಲಿಂದ ಸಿಗುತ್ತಿತ್ತು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಆದರೂ ಸಿಟ್ಟು ಹೋಗಲಿಲ್ಲ. "ನಿಮಗ ಎಲ್ಲಾ ಗೊತ್ತಿತ್ತು. ಗೊತ್ತಿದ್ದೂ ಪಡಸಾಲ್ಯಾಗ ಕೂತಿರ್ತಿದ್ರಿ," ಅಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

"ಹೂಂ," ಅಂದರು ಆಕೆ. "ಕೂತಿರ್ತಿದ್ದೆ."

"ಒಮ್ಮೆ ಬ್ಯಾಡ ಅನ್ಲಿಲ್ಲ."

"ಅನ್ಲಿಲ್ಲ." ಆಕೆ ಸೆರಗನ್ನು ಮತ್ತೆ ಕಿವಿಯ ಮೇಲೆ ಎಳೆದುಕೊಂಡರು. "ಕೂತಿರೂದು ಹಗುರ ಇತ್ತು ಅಂತ ತಿಳದೀ ಏನು?"

ನಾನು ಕುಂಚವನ್ನು ಕೆಮ್ಮಣ್ಣಿನಲ್ಲಿ ಅದ್ದಿದೆ.

ಅಕ್ಕೋರು ದೂರದಿಂದ ನೋಡುತ್ತಿದ್ದವರು ಹತ್ತಿರ ಬಂದು, ಇದು ಯಾರು ಎಂದು ಕೇಳದೆ, "ಬರ್ರಿ ಅವ್ವಾ, ನೀವೂ ಒಂದಿಷ್ಟು ತಗೀರಿ," ಅಂದರು.

"ನಾ ಯಾಕ್ರಿ. ನನಗೇನಾಗೈತಿ," ಅಂದರು ಅತ್ತೆ. ಹೋಗಲು ತಿರುಗಿದರು ಕೂಡ. ತಿರುಗಿದವರು ಬಗ್ಗಿ ತಟ್ಟೆಯಲ್ಲಿದ್ದ ಒಂದು ಇದ್ದಲಿಯ ತುಂಡು ತೆಗೆದುಕೊಂಡು, ನನ್ನ ಅಡುಗೆಮನೆಯಲ್ಲಿ ಬೆಳಕಿಂಡಿಯ ಕೆಳಗೆ, ನಾನು ಖಾಲಿ ಬಿಟ್ಟಿದ್ದ ಜಾಗದಲ್ಲಿ ಒಂದು ಒಲೆ ಬರೆದರು. ನಾಲ್ಕಾರು ಗೆರೆ, ಅಷ್ಟೇ. ಗೆರೆ ಸೊಟ್ಟ ಬಂದವು. ಒಲೆಯ ಬಾಯಿಯನ್ನು ಇದ್ದಲಿಯಿಂದ ತೀಡಿ ತೀಡಿ ಕಪ್ಪು ಮಾಡಿದರು. ಕೈಯನ್ನು ಸೀರೆಗೆ ಒರೆಸಿಕೊಂಡು, ನನ್ನ ಮುಖ ನೋಡದೆ, ರಂಗಂಪೇಟೆಯ ಕಡೆ ನಡೆದರು.

"ಯಾರ್ರೀ ಅವರು?" ಅಂದಳು ಕೋಳಿಯವಳು.

"ನಮ್ಮತ್ತಿ."

ಅವಳು ಆಕೆ ಹೋದ ಕಡೆ ನೋಡಿದಳು, ಗೋಡೆ ನೋಡಿದಳು. ಆಮೇಲೆ ತನ್ನ ಕೋಳಿಗೆ ಬಾಲ ಬರೆಯತೊಡಗಿದಳು.

ಅವತ್ತು ಶಹಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗಲೂ ಕೈಯಲ್ಲಿ ಕೆಮ್ಮಣ್ಣು ಅಂಟಿಕೊಂಡಿತ್ತು. ಆ ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದೆ ಎಂದು ಇಷ್ಟು ದಿನ ತಿಳಿದಿದ್ದೆ. ನನಗಿಂತ ಮೊದಲೇ ಆಕೆಯೂ ಒಬ್ಬರೇ ಇದ್ದರು. ಅದು ಗೊತ್ತಾದರೆ ಒಂಟಿತನ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಅಷ್ಟು ವರ್ಷ ಒಂದೇ ಸೂರಿನ ಕೆಳಗೆ, ಒಂದೇ ಬುಟ್ಟಿಯ ರೊಟ್ಟಿ ತಿಂದುಕೊಂಡು, ಒಬ್ಬರಿಗೊಬ್ಬರು ಒಂದು ಮಾತು ಹೇಳದೆ ಇದ್ದೆವಲ್ಲ ಎಂದು ಅದು ಇನ್ನಷ್ಟು ದೊಡ್ಡದಾಯಿತು.

ಅತ್ತೆ ಬರೆದ ಒಲೆಯನ್ನು ನಾನು ಅಳಿಸಲಿಲ್ಲ, ತಿದ್ದಲೂ ಇಲ್ಲ. ನನ್ನದು ಕೆಮ್ಮಣ್ಣಿನ ಒಲೆ, ಆಕೆಯದು ಇದ್ದಲಿಯ ಗೆರೆ. ದಾರಿಯವರು ನಿಂತು, ಒಂದು ಅಡುಗೆಮನೆಯಲ್ಲಿ ಎರಡು ಒಲೆ ಯಾಕೆ ಎಂದು ಕೇಳುತ್ತಿದ್ದರು. ಅಣ್ಣ ತಮ್ಮಂದಿರು ಬೇರೆಯಾದ ಮನೆ ಇರಬೇಕು ಎಂದು ತಾವೇ ಹೇಳಿಕೊಂಡು ಹೋಗುತ್ತಿದ್ದರು. ಅದಾದ ಮೇಲೆ ಬೇವಿನ ಕೆಳಗಿನ ಕಟ್ಟೆ ಖಾಲಿ ಇರುತ್ತಿತ್ತು. ನಾನು ಕುಂಚ ಅದ್ದುವ ನೆವದಲ್ಲಿ ತಿರುಗಿ ತಿರುಗಿ ನೋಡುತ್ತಿದ್ದೆ. ಯಾರಾದರೂ ಮಗನಿಗೆ ಹೇಳಿರಬೇಕು, ಇಲ್ಲವೇ ಹೇಳುವುದಿದ್ದದ್ದು ಅಷ್ಟೇ ಇರಬೇಕು.

ಬೇಸಿಗೆಯ ಹೊತ್ತಿಗೆ ಗೋಡೆ ತುಂಬಿತು. ಕೊನೆಯ ದಿನ ಅಕ್ಕೋರು ತಮ್ಮ ಕೈಯಿಂದಲೇ ದುಡ್ಡು ಹಾಕಿ ಎಲ್ಲರಿಗೂ ಚಹಾ, ಚುರುಮುರಿ, ಮಿರ್ಚಿ ಭಜಿ ತರಿಸಿದರು. ಒಬ್ಬಾಕೆ ಬಾವಿ ಬರೆದಿದ್ದಳು, ಒಬ್ಬಾಕೆ ತನ್ನ ಮಗಳ ಸೈಕಲ್ಲು. ಇನ್ನೊಬ್ಬಾಕೆ ಇಡೀ ಜಾಗಕ್ಕೆ ನೀಲಿ ಹಚ್ಚಿ ಬಿಟ್ಟಿದ್ದಳು, ಇದೇನೆಂದರೆ "ಏನೂ ಅಲ್ರಿ, ತಂಪ ಅನಸ್ತದ," ಅಂತಿದ್ದಳು. ಕೋಳಿಯವಳ ಗೋಡೆಯಲ್ಲಿ ಕೋಳಿಗಳೆಲ್ಲ ಒಂದು ಬುಟ್ಟಿಯ ಕೆಳಗೆ ಸೇರಿದ್ದವು. ಸಂಜೆ ಮುಚ್ಚುವ ಬುಟ್ಟಿ. ಊರಿನವರು ಒಂದಷ್ಟು ಮಂದಿ ಬಂದು ನೋಡಿದರು. ಕೆಲವರು ಯಾಕೆ ಬರೆದಿರಿ ಎಂದು ತಿಳಿದುಕೊಂಡ ಮೇಲೆ ನಮ್ಮ ಮುಖ ನೋಡುವುದನ್ನು ಬಿಟ್ಟರು. ಒಬ್ಬ ಹೆಂಗಸು ಮಾತ್ರ ನನ್ನ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದು, "ಮನಷ್ಯಾರ ಯಾರೂ ಇಲ್ಲಲ್ಲವ್ವಾ ಇದರಾಗ," ಅಂದಳು. "ಎದ್ದು ಹೋಗ್ಯಾರ್ರಿ," ಅಂದೆ.

ಇದರಿಂದ ಗುಣವಾಯಿತೇ ಎಂದು ಯಾದಗಿರಿಯ ಸಮಾಲೋಚಕಿ ಆಮೇಲೆ ಕೇಳಿದರು. ನಿದ್ದೆ ಮೊದಲಿಗಿಂತ ಚೆನ್ನಾಗಿ ಬರುತ್ತಿತ್ತು, ಅದನ್ನು ಹೇಳಿದೆ. ಇನ್ನೊಂದನ್ನು ಹೇಳಲಿಲ್ಲ. ಆ ಅಡುಗೆಮನೆಯನ್ನು ಗೋಡೆಗೆ ಹಾಕಿದ ಮೇಲೆ ನನ್ನ ಕೈ ಉಪ್ಪಿಗೆ ಬರಿ ಗೋಡೆಯ ಕಡೆ ಹೋಗುವುದು ನಿಂತುಹೋಗಿತ್ತು, ನೆಟ್ಟಗೆ ಕಟ್ಟೆಯ ಮೇಲಿನ ಡಬ್ಬಿಗೆ ಹೋಗುತ್ತಿತ್ತು. ಒಳ್ಳೆಯದೇ. ಆದರೆ ಅದು ಗೊತ್ತಾದ ದಿನ, ಜೊತೆಗಿದ್ದ ಒಂದು ಜೀವ ಹೇಳದೆ ಹೋದ ಹಾಗೆ ಸಂಕಟವಾಗಿ, ಉರಿ ಸಣ್ಣ ಮಾಡಿ ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಟ್ಟೆ.

ಮಳೆಗಾಲದಲ್ಲಿ ಸಾಕ್ಷಿಯ ತಾರೀಖು ಬಂತು. ಗಂಡನ ಕಡೆಯಿಂದ ಅತ್ತೆಯನ್ನು ಕರೆಸಿದ್ದರು. ತನ್ನ ಮಗ ಸೊಸೆಯ ಮೇಲೆ ಕೈ ಮಾಡಿದವನೇ ಅಲ್ಲ ಎಂದು ತಾಯಿ ಹೇಳುತ್ತಾಳೆ ಎಂಬುದು ಅವರ ಎಣಿಕೆ. ನನ್ನ ವಕೀಲರಿಗೂ ಅದೇ ಹೆದರಿಕೆ ಇತ್ತು. ಆಕೆ ಕಟಕಟೆಯಲ್ಲಿ ನಿಂತಾಗ ನಾನು ನೆಲ ನೋಡುತ್ತಿದ್ದೆ.

ಅವನ ವಕೀಲ ಕೇಳಿದ: "ನಿಮ್ಮ ಮಗ ಎಂದಾದ್ರೂ ಹೆಂಡ್ತಿಗಿ ಹೊಡದದ್ದು ನೋಡೀರೇನವ್ವಾ?"

"ನನಗ ಕಣ್ಣು ಕಾಣಂಗಿಲ್ರಿ ಸಾಹೇಬ್ರ," ಅಂದರು ಅತ್ತೆ.

"ಅಂದ್ರ ಹೊಡದಿಲ್ಲ ಅಂತೇನು?"

"ಹೊಡದಾನೋ ಇಲ್ಲೋ ನಾ ಹೆಂಗ ಹೇಳ್ಲಿ. ಹೊಗಿ ಬಾಳ ಇತ್ರಿ. ನನಗ ಕಣ್ಣು ಕಾಣಂಗಿಲ್ಲ."

ಅವನು ಮತ್ತೆ ಮತ್ತೆ ತಿರುಗಿಸಿ ಕೇಳಿದ. ಆಕೆ ಅದೊಂದೇ ಮಾತು ಹಿಡಿದುಕೊಂಡು ನಿಂತರು. ಕೊನೆಗೆ ಜಡ್ಜ್ ಸಾಹೇಬರು ಸಾಕು ಅಂದರು. ನಾನು ತಲೆ ಎತ್ತಿ ನೋಡಿದೆ. ಆಕೆ ಕಟಕಟೆಯ ಕಟ್ಟಿಗೆಯನ್ನು ತಡವುತ್ತ, ನಿಜವಾಗಿಯೂ ಕಣ್ಣು ಕಾಣದವರ ಹಾಗೆ ಇಳಿದರು. ಹೊರಗೆ ಮೊಗಸಾಲೆಯಲ್ಲಿ ನನ್ನ ಪಕ್ಕದಿಂದಲೇ ಹೋದರು. ನಾನು "ಅತ್ತೀ" ಅಂದೆ. ಕೇಳಿಸಿತೋ ಇಲ್ಲವೋ. ಮಗ ಆಗಲೇ ಗಾಡಿ ಚಾಲು ಮಾಡಿಕೊಂಡು ನಿಂತಿದ್ದ, ಮಳೆ ಹನಿಯುತ್ತಿತ್ತು. ಆಕೆ ಸೆರಗು ಬಿಗಿಯಾಗಿ ಹೊದ್ದು ಅವನ ಹಿಂದೆ ಹತ್ತಿ ಕೂತರು. ಗಾಡಿ ಹೋಯಿತು. ಆ ಸಂಜೆ ಆ ಮನೆಯಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಕೇಳುವುದಕ್ಕೆ ಅಲ್ಲಿ ನನ್ನವರು ಯಾರೂ ಇರಲಿಲ್ಲ.

ಕೆಲವು ವಾರಗಳ ಮೇಲೆ ತೀರ್ಪು ನನ್ನ ಕಡೆ ಆಯಿತು. ಮದುವೆ ಮುರಿಯಿತು ಎಂದು ಓದಿ ಹೇಳಿದ್ದು ತುಸು ಹೊತ್ತಿನಲ್ಲೇ ಮುಗಿಯಿತು. ವಕೀಲರು ಕೈ ಮುಗಿದು ಮುಂದಿನ ಕೇಸಿಗೆ ಓಡಿದರು. ನಾನು ಯಾದಗಿರಿಯ ಬಸ್ ನಿಲ್ದಾಣಕ್ಕೆ ನಡೆದು ಬಂದು ಕಲ್ಲಿನ ಬೆಂಚಿನ ಮೇಲೆ ಕೂತೆ. ಯಾರಿಗಾದರೂ ಹೇಳಬೇಕು ಅನಿಸಿತು. ಅಣ್ಣನಿಗೆ ಹೇಳಿದರೆ ಅವನು ಒಂದು ನಿಟ್ಟುಸಿರು ಬಿಡುತ್ತಾನೆ. ಅಕ್ಕೋರು ಕಣ್ಣಿನ ಆಪರೇಷನ್ನಿಗೆಂದು ಮಗಳ ಊರಿಗೆ ಹೋಗಿದ್ದರು. ಗೋಡೆ ಮುಗಿದ ಮೇಲೆ ನಮ್ಮ ಭಾನುವಾರಗಳೂ ನಿಂತಿದ್ದವು. ಫೋನಿನಲ್ಲಿ ಹೆಸರುಗಳನ್ನು ಮೇಲೆ ಕೆಳಗೆ ಸರಿಸಿ ನೋಡಿ ಕೊನೆಗೆ ಕೋಳಿಯವಳಿಗೆ ಹಚ್ಚಿದೆ.

ಬಹಳ ಹೊತ್ತು ಹೊಡೆದುಕೊಂಡ ಮೇಲೆ ಎತ್ತಿದಳು. ಹಿಂದೆ ಹೆಂಗಸರ ಮಾತು, ನೀರಿನ ಸಪ್ಪಳ.

"ನಾಟಿ ಹಚ್ಚಾಕತ್ತೀವ್ರಿ. ಕೈ ಎಲ್ಲಾ ರಾಡಿ. ಹೇಳ್ರಿ."

"ಮುಗೀತು. ಇವತ್ತ ಕೋರ್ಟಿನಾಗ."

"ಮುಗೀತಾ? ಚಲೋ ಆತು ಬಿಡ್ರಿ." ಅವಳು ಯಾರಿಗೋ ಸಸಿಯ ಕಟ್ಟು ಈ ಕಡೆ ಒಗೆ ಎಂದು ಕೂಗಿ ಹೇಳಿದಳು. ಮತ್ತೆ ಫೋನಿಗೆ ಬಂದು, "ಉಂಡ್ರೇನು?" ಅಂದಳು.

"ಇನ್ನೂ ಇಲ್ಲ."

"ಮದ್ಲ ಉಣ್ರಿ. ಆಮ್ಯಾಲ ಮಾತಾಡೂನು." ಕಟ್ಟಾಯಿತು.

ಬೆಳಿಗ್ಗೆ ಕಟ್ಟಿಕೊಂಡು ಬಂದ ಬುತ್ತಿ ಚೀಲದಲ್ಲೇ ಇತ್ತು. ಎರಡು ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಬಿಚ್ಚಿ ಮಡಿಲ ಮೇಲೆ ಇಟ್ಟುಕೊಂಡೆ. ಶಹಾಪುರದ ಬಸ್ಸು ಬಂದು ನಿಂತಿತು, ಮಂದಿ ನುಗ್ಗಿ ಹತ್ತಿದರು, ಕಂಡಕ್ಟರ್ ನನ್ನ ಕಡೆ ನೋಡಿ, "ಬರ್ತೀರೇನ್ರಿ?" ಅಂದ. ಮುಂದಿನದಕ್ಕೆ ಬರುತ್ತೇನೆ ಎಂದು ಕೈ ಮಾಡಿದೆ. ಬಸ್ಸು ಹೋದ ಮೇಲೆ ರೊಟ್ಟಿ ಮುರಿದು ಉಣ್ಣತೊಡಗಿದೆ.